ನಾಲ್ಕು ವರ್ಷಗಳ ಕಾಲೇಜು ಆಟ ಅನಿವಾರ್ಯವೇ?

ಅಮೆರಿಕದ ಮಹಿಳಾ ಫುಟ್‌ಬಾಲ್‌ನಲ್ಲಿ (ಸಾಕರ್) ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಮುಂಚೂಣಿಯ ಆಟಗಾರ್ತಿಯೊಬ್ಬಳು ಪಕ್ವಗೊಳ್ಳಲು ನಾಲ್ಕು ವರ್ಷಗಳ ಕಾಲೇಜು ಆಟ ಅನಿವಾರ್ಯ ಎಂದು ನಾನು ಓದಿದ ಲೇಖನವೊಂದು ವಾದಿಸುತ್ತದೆ; ಲೇಖಕರ ಆ ಮಾತನ್ನು ನಾನು ಒಪ್ಪಲಾರೆ. ಸೋಫಿಯಾ ಸ್ಮಿತ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರ ಆಡಿದ್ದು ಎರಡೇ ಋತು. 2019ರ ರಾಷ್ಟ್ರೀಯ ಕಾಲೇಜು ಸೆಮಿಫೈನಲ್‌ನಲ್ಲಿ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ವಿರುದ್ಧ ಹ್ಯಾಟ್ರಿಕ್ ಗಳಿಸಿ, ತಂಡ ಪ್ರಶಸ್ತಿ ಗೆದ್ದ ಮರುತಿಂಗಳೇ ಡ್ರಾಫ್ಟ್‌ನ (ವೃತ್ತಿಪರ ಲೀಗ್‌ನ ಕ್ಲಬ್‌ಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಮೊದಲ ಆಯ್ಕೆಯಾಗಿ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಕ್ಲಬ್ ಸೇರಿದ ಆಕೆ, 2022ರಲ್ಲಿ ತನ್ನ 22ನೆಯ ವಯಸ್ಸಿಗೇ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ್ತಿ ಎನಿಸಿಕೊಂಡಳು; ಅದೇ ವರ್ಷದ ಫೈನಲ್‌ನಲ್ಲಿ ಗೋಲನ್ನೂ ಹೊಡೆದಳು. ಟ್ರಿನಿಟಿ ರಾಡ್‌ಮನ್ ಅಂತೂ ಕಾಲೇಜಿನ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡದೆ 2021ರ ಡ್ರಾಫ್ಟ್‌ನಲ್ಲಿ ಎರಡನೆಯವಳಾಗಿ ಆಯ್ಕೆಯಾದಳು, ಅದೇ ವರ್ಷ ವಾಷಿಂಗ್ಟನ್ ಸ್ಪಿರಿಟ್ ಕ್ಲಬ್‌ನೊಂದಿಗೆ ಲೀಗ್ ಪ್ರಶಸ್ತಿಯನ್ನೂ ಗೆದ್ದಳು.

ಲೇಖಕರ ವಾದಕ್ಕೆ ಬಲವಿದ್ದದ್ದು ಹಿಂದಿನ ಪೀಳಿಗೆಯಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಅಲೆಕ್ಸ್ ಮಾರ್ಗನ್ 2011ರಲ್ಲಿ ಮೊದಲ ಆಯ್ಕೆಯಾಗಿ ಕಾಲಿಟ್ಟ ಅಂದಿನ ವೃತ್ತಿಪರ ಲೀಗ್ ಮರುವರ್ಷವೇ ಮುಚ್ಚಿಹೋಯಿತು. ಅಂಥ ಕಾಲದಲ್ಲಿ ಕೈಯಲ್ಲೊಂದು ಪದವಿ ಇರುವುದು ಆಟಕ್ಕಿಂತ ಹೆಚ್ಚಾಗಿ ಬದುಕಿನ ಭದ್ರತೆಯಾಗಿತ್ತು, ಮತ್ತು ಲೇಖನ ಈ ಎರಡನ್ನೂ ಬೆರೆಸಿಬಿಟ್ಟಿದೆ ಎಂಬುದೇ ನನ್ನ ತಕರಾರು. 2024ರಲ್ಲಿ ಈಗಿನ ಲೀಗ್ ಡ್ರಾಫ್ಟ್ ಪದ್ಧತಿಯನ್ನೇ ಕೈಬಿಟ್ಟ ಸಂಗತಿಯ ಪ್ರಸ್ತಾಪವೂ ಲೇಖನದಲ್ಲಿಲ್ಲ. ಈಗ ಯಾವ ಕ್ಲಬ್ ಸೇರಬೇಕು, ಯಾವಾಗ ಸೇರಬೇಕು ಎಂಬುದನ್ನು ಆಟಗಾರ್ತಿಯೇ ಮಾತುಕತೆಯ ಮೂಲಕ ನಿರ್ಧರಿಸಬಹುದು.