ಸ್ಪಷ್ಟನೆ: ಬೇಯಿಸಿದರೆ ಮೊಟ್ಟೆಯ ಪ್ರೋಟೀನ್ ಹಾಳಾಗುವುದಿಲ್ಲ

‘ಮೊಟ್ಟೆ ಬೇಯಿಸಿದರೆ ಪ್ರೋಟೀನ್ ಸತ್ತುಹೋಗುತ್ತದೆ, ಹಸಿಯಾಗಿಯೇ ಕುಡಿಯಿರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಪ್ರೋಟೀನ್ ಸಾಯುವುದಕ್ಕೆ ಅದೇನು ಜೀವಿಯೇ?

ಬಿಳಿಭಾಗದಲ್ಲಿ ಹೆಚ್ಚಾಗಿರುವ ಓವಾಲ್ಬುಮಿನ್ ಎಂಬ ಪ್ರೋಟೀನ್, 385 ಅಮೈನೋ ಆಮ್ಲಗಳ (ಪ್ರೋಟೀನಿನ ಬಿಡಿ ಘಟಕಗಳ) ಒಂದು ಸರಪಳಿ. ಅದು ಮಡಚಿಕೊಂಡು ನಿರ್ದಿಷ್ಟ ಆಕಾರ ತಾಳಿರುತ್ತದೆ. ಬಿಸಿಗೆ ಬಿಚ್ಚಿಕೊಳ್ಳುವುದು ಈ ಮಡಿಕೆ ಮಾತ್ರ. ಬಿಚ್ಚಿದ ಸರಪಳಿಗಳು ಒಂದಕ್ಕೊಂದು ತೊಡರಿಕೊಂಡು ಜಾಲವಾಗುತ್ತವೆ. ತಿಳಿಯಾಗಿದ್ದ ಲೋಳೆ ಬೆಳ್ಳಗೆ ಗಟ್ಟಿಯಾಗುವುದು ಅದಕ್ಕೇ. ಅಮೈನೋ ಆಮ್ಲಗಳನ್ನು ಬೆಸೆದಿರುವ ಪೆಪ್ಟೈಡ್ ಬಂಧ ಹತ್ತು ನಿಮಿಷದ ಕುದಿತಕ್ಕೆಲ್ಲ ಜಗ್ಗುವುದಿಲ್ಲ.

ಆಕಾರ ಕೆಟ್ಟರೆ ಕೆಲಸವೂ ಕೆಡುತ್ತದೆ, ನಿಜ. ಆದರೆ ಅದು ಜೀವಕೋಶದೊಳಗೆ ದುಡಿಯಬೇಕಾದ ಕಿಣ್ವ, ಹಿಮೋಗ್ಲೋಬಿನ್‌ಗಳ ಮಾತು. ತಿಂದ ಪ್ರೋಟೀನನ್ನು ಹೊಟ್ಟೆಯ ಆಮ್ಲವೇ ಬಿಚ್ಚುತ್ತದೆ, ಪೆಪ್ಸಿನ್, ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವಗಳು ತುಂಡರಿಸುತ್ತವೆ. ಮೊದಲೇ ಬಿಚ್ಚಿಕೊಂಡಿದ್ದರೆ ಅವುಗಳಿಗೆ ಕೆಲಸ ಹಗುರ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಬೆಂದ ಮೊಟ್ಟೆಯ ಪ್ರೋಟೀನ್ ಶೇ 91ರಷ್ಟು ಜೀರ್ಣವಾಗಿತ್ತು. ಹಸಿಯದ್ದು ಶೇ 51 ಮಾತ್ರ.

ಹಸಿ ಬಿಳಿಭಾಗದ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಚೆನ್ನಾಗಿ ಬೇಯಿಸಿದರೆ ಆ ಹಿಡಿತ ಬಹುಮಟ್ಟಿಗೆ ಸಡಿಲುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಭಯವೂ ತಪ್ಪುತ್ತದೆ.