ಗುಳ್ಳೆ ನಂಬಬೇಡಿ, ಹೈಡ್ರೋಮೀಟರ್ ನೋಡಿ

ಮನೆಯಲ್ಲಿ ಬಿಯರ್ ತಯಾರಿಸುವ ಬಗ್ಗೆ ಲೇಖನ ಚೆನ್ನಾಗಿದೆ. ಆದರೆ ‘ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತ ಕೂಡಲೇ ಬಾಟಲಿಗೆ ತುಂಬಿ’ ಅಂತ ಬರೆದಿದ್ದೀರಲ್ಲ (ಏರ್‌ಲಾಕ್ ಅಂದರೆ ಡಬ್ಬದೊಳಗಿನ ಗಾಳಿಯನ್ನು ಹೊರಬಿಟ್ಟು, ಹೊರಗಿನದನ್ನು ಒಳಬಿಡದ ಪುಟ್ಟ ನೀರಿನ ಕೊಳವೆ), ಅದನ್ನು ದಯವಿಟ್ಟು ತಿದ್ದಿ. ಇದು ಅಪಾಯದ ಸಲಹೆ.

ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಗಾಳಿ ಅಲ್ಲಿಂದಲೇ ಹೋಗುತ್ತೆ, ಗುಳ್ಳೆ ಕಾಣಿಸೋದೇ ಇಲ್ಲ. ಸಕ್ಕರೆಯನ್ನು ಮದ್ಯಸಾರ ಮತ್ತು ಗಾಳಿಯಾಗಿಸುವ ಯೀಸ್ಟ್ ಚಳಿಗೆ ಅರ್ಧಕ್ಕೇ ಮಲಗಿಬಿಡುವುದೂ ಉಂಟು. ಆಗ ತುಂಬಿಟ್ಟರೆ, ಉಳಿದ ಸಕ್ಕರೆಯ ಮೇಲೆ, ನೊರೆ ಬರಲೆಂದು ಬಾಟಲಿಗೆ ತುಂಬುವಾಗ ನಾವು ಹಾಕುವ ಸಕ್ಕರೆಯೂ ಸೇರಿ ಒಳಗೆ ಒತ್ತಡ ಏರುತ್ತೆ. ನನ್ನ ಎರಡು ಬಾಟಲಿ ಹೀಗೇ ಸಿಡಿದವು. ಗಾಜಿನ ಚೂರು ಗೋಡೆಗೆ ನೆಟ್ಟಿದ್ದನ್ನು ಕಂಡು ಕೈಕಾಲು ನಡುಗಿತ್ತು.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರೇ ನಂಬಿಕೆಯ ದಾರಿ; ಸಕ್ಕರೆ ಕರಗಿ ಮದ್ಯಸಾರವಾದಂತೆ ಅದರ ಅಂಕಿ ಇಳಿಯುತ್ತೆ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಅಂಕಿ ನಿರೀಕ್ಷಿಸಿದಷ್ಟು ಇಳಿದು, ಆಮೇಲೆ ಬದಲಾಗದಿದ್ದರೆ ಮಾತ್ರ ತುಂಬಿ. ಅಳೆಯುವ ಮೊದಲು ಮಾದರಿಯನ್ನು ಕಲಕಿ ಗಾಳಿ ಬಿಡಿಸಿ, ಗುಳ್ಳೆಗಳು ಹೈಡ್ರೋಮೀಟರನ್ನು ಮೇಲಕ್ಕೆತ್ತಿ ತಪ್ಪು ಅಂಕಿ ತೋರಿಸುತ್ತವೆ. ಶುರುವಿಗೆ 1.050 ಇದ್ದು ಕೊನೆಗೆ 1.012ಕ್ಕೆ ನಿಂತರೆ ಮದ್ಯಸಾರ ಸುಮಾರು 5% ಅಂತಲೂ ಗೊತ್ತಾಗುತ್ತೆ. ಅಳೆದ ಮಾದರಿಯನ್ನು ಮಾತ್ರ ವಾಪಸ್ ಡಬ್ಬಕ್ಕೆ ಸುರಿಯಬೇಡಿ.