ನಾಲ್ಕೇ ಬಕೆಟ್ಟಿಗೆ ಜಾಗ, ಯಾವ ಚೆರ್ರಿ ಟೊಮೆಟೊ ಹಾಕಲಿ?

ಮಳೆ ಕಡಿಮೆಯಾಗುತ್ತಿದ್ದ ಹಾಗೆ ಇನ್‌ಬಾಕ್ಸ್‌ಗೆ ಇದೇ ಪ್ರಶ್ನೆ ಬರಲು ಶುರುವಾಗುತ್ತದೆ. ತಾರಸಿಯಲ್ಲಿ ಚೆರ್ರಿ ಟೊಮೆಟೊ ಹಾಕಬೇಕು, ಯಾವ ತಳಿ ಒಳ್ಳೆಯದು? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ. ನನ್ನದು ಬೆಂಗಳೂರಿನ ಸಾಧಾರಣ ತಾರಸಿ. 20 ಲೀಟರಿನ ಪೇಂಟ್ ಬಕೆಟ್‌ಗೆ ತಳದಲ್ಲಿ ತೂತು ಹಾಕಿ, ಕೆಂಪು ಮಣ್ಣು, ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ಬೆಳೆಯುತ್ತೇನೆ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಮೂಲೆಯಲ್ಲಿ ನಾಲ್ಕೇ ಬಕೆಟ್ ಹಿಡಿಯುತ್ತದೆ. ಹಾಗಾಗಿ ಆರು ವರ್ಷದಿಂದ ಪ್ರತಿ ಸಲವೂ ಕೂತು ಆರಿಸಲೇಬೇಕಾಗಿದೆ.

ಎಲ್ಲರೂ ಹೊಗಳುವುದು ಸಿಹಿಯನ್ನು ಮಾತ್ರ. ದ್ರಾಕ್ಷಿ ಥರ ಇದೆ, ಕ್ಯಾಂಡಿ ಥರ ಇದೆ ಅಂತ. ಸಿಹಿ ಒಂದೇ ಮುಖ್ಯ ಅನ್ನುವುದಾದರೆ ಸನ್‌ಗೋಲ್ಡ್ ಹಾಕಿ, ಬೇರೆ ಯೋಚನೆಯೇ ಬೇಡ. ಜಪಾನಿನ ಟೋಕಿಟಾ ಅನ್ನುವ ಬೀಜದ ಕಂಪನಿ ಮಾಡಿದ ಹೈಬ್ರಿಡ್ ಅದು, 1990ರ ದಶಕದಿಂದ ಎಷ್ಟೋ ದೇಶಗಳ ಮನೆತೋಟಗಳಲ್ಲಿ ಬೆಳೆಯುತ್ತಿದೆ. ಹೊಗಳಿಕೆ ಸುಳ್ಳಲ್ಲ. ಚೆನ್ನಾಗಿ ಹಣ್ಣಾಗಿ ಕಿತ್ತಳೆ ಬಣ್ಣ ಗಾಢವಾದ ಮೇಲೆ ಕಿತ್ತು ಬಾಯಿಗೆ ಹಾಕಿದರೆ ಇದು ಟೊಮೆಟೊನಾ ಅನ್ನಿಸುತ್ತದೆ. ಮಗಳು ಶಾಲೆಯಿಂದ ಬಂದವಳೇ ಯೂನಿಫಾರ್ಮಲ್ಲೇ ತಾರಸಿಗೆ ಓಡುತ್ತಾಳೆ. ಆ ಗಿಡದ ಹಣ್ಣು ಅಡುಗೆಮನೆ ತನಕ ಬಂದದ್ದು ಕಡಿಮೆ.

ಆದರೆ ಸನ್‌ಗೋಲ್ಡ್ ಸಿಪ್ಪೆ ತುಂಬಾ ತೆಳು. ಚೆನ್ನೈ ಕಡೆ ವಾಯುಭಾರ ಕುಸಿತ ಅಂದರೆ ಬೆಂಗಳೂರಲ್ಲಿ ಎರಡು ಮೂರು ದಿನ ಜಡಿಮಳೆ, ನವೆಂಬರ್ ಡಿಸೆಂಬರಲ್ಲಿ ಇದು ಮಾಮೂಲಿ. ಒಣಗಿದ್ದ ಬೇರಿಗೆ ಒಮ್ಮೆಲೇ ನೀರು ಸಿಕ್ಕಿದ ಕೂಡಲೇ ಹಣ್ಣು ಒಳಗಿಂದ ಉಬ್ಬುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ, ಪಟ್ಟನೆ ಸೀಳುತ್ತದೆ. ಒಂದು ವರ್ಷ ಇಡೀ ಗೊಂಚಲುಗಳು ಸೀಳಿ, ಮೂರನೇ ದಿನಕ್ಕೆ ಬೂಸ್ಟು ಹಿಡಿದು ಹೋದವು. ನನಗೆ ನಿಜಕ್ಕೂ ಅಳು ಬಂದಿತ್ತು. ಆಮೇಲೆ ಕಲಿತೆ. ಮಳೆ ಸುದ್ದಿ ಬಂದ ದಿನವೇ ದೋರಗಾಯಿಗಳನ್ನು ಕಿತ್ತು ಅಡುಗೆಮನೆಯ ಕಟ್ಟೆ ಮೇಲೆ ಹರಡುತ್ತೇನೆ, ಅಲ್ಲೇ ಹಣ್ಣಾಗುತ್ತವೆ. ಫ್ರಿಜ್ಜಿಗೆ ಮಾತ್ರ ಬೇಡ, ಪರಿಮಳ ಹೊರಟುಹೋಗುತ್ತದೆ.

ಇನ್ನೊಂದು ತೊಂದರೆ ಬೀಜದ್ದು. ಹೈಬ್ರಿಡ್ ಆದ್ದರಿಂದ ಅದರ ಬೀಜ ಹಾಕಿದರೆ ತಾಯಿಯ ಹಾಗೇ ಬರುವುದಿಲ್ಲ. ನಾನು ಎತ್ತಿಟ್ಟು ಹಾಕಿ ನೋಡಿದ್ದೇನೆ, ಒಂದರಲ್ಲಿ ಕೆಂಪು ಹಣ್ಣು, ಇನ್ನೊಂದರಲ್ಲಿ ಸಪ್ಪೆ ಹಣ್ಣು. ಪ್ರತಿ ವರ್ಷ ಹೊಸ ಪ್ಯಾಕೆಟ್ ಕೊಳ್ಳಬೇಕು. ಹಣ ಇದ್ದವರಿಗೂ ಇದು ಸರಿ ಅನ್ನಿಸಬಾರದು ಅಂತ ನನ್ನ ಅಭಿಪ್ರಾಯ.

ಹಾಗಾಗಿ ಸನ್‌ಗೋಲ್ಡ್‌ಗೆ ಒಂದೇ ಬಕೆಟ್, ನನ್ನ ಎರಡನೇ ಬಕೆಟ್ ಬ್ಲ್ಯಾಕ್ ಚೆರ್ರಿಗೆ. ಅಮೆರಿಕದ ಫ್ಲೋರಿಡಾದಲ್ಲಿ ಹುಟ್ಟಿದ ತಳಿ, ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಹೆಸರಲ್ಲಿ ಕಪ್ಪು ಅಂತ ಇದ್ದರೂ ಬಣ್ಣ ಹಳೇ ಬೀಟೆ ಮರದ ಕುರ್ಚಿಯ ಥರ, ಕೆಂಪು ಕಂದು. ಸಿಹಿ, ಹುಳಿ ಎರಡೂ ಇದೆ, ಜೊತೆಗೆ ಕೊನೆಯಲ್ಲಿ ಒಂದು ಉಪ್ಪಿನ ರುಚಿ ನಿಲ್ಲುತ್ತದೆ. ಅಂಗಡಿ ಹಣ್ಣಿನಲ್ಲಿ ಈ ರುಚಿ ನನಗೆ ಎಂದೂ ಸಿಕ್ಕಿಲ್ಲ. ಏಳೆಂಟು ಅಡಿ ಏರುತ್ತದೆ, ಗಟ್ಟಿ ಆಸರೆ ಕೊಡಲೇಬೇಕು.

ನೀಲಿ ಟೊಮೆಟೊ ಫೋಟೋ ನೋಡಿ ಮರುಳಾಗಬೇಡಿ. ಇಂಡಿಗೋ ರೋಸ್ ಅನ್ನುವುದು ಒರೆಗಾನ್ ಸ್ಟೇಟ್ ಯೂನಿವರ್ಸಿಟಿ ಬಿಡುಗಡೆ ಮಾಡಿದ ತಳಿ, ಕಾಡು ಬಂಧುಗಳ ಜೊತೆ ಸಂಕರ ಮಾಡಿ ಆ ಬಣ್ಣ ತಂದಿದ್ದಾರೆ. ಬಿಸಿಲು ತಾಗಿದ ಕಡೆ ಮಾತ್ರ ನೇರಳೆ ಬರುತ್ತದೆ. ನೋಡಲು ತುಂಬಾ ಚೆಂದ, ತಿನ್ನಲು ಸುಮಾರು. ನಾಲ್ಕೇ ಬಕೆಟ್ ಇರುವವರು ಬಿಟ್ಟುಬಿಡಿ. ಆನ್‌ಲೈನಲ್ಲಿ ಸಿಗುವ ಬಣ್ಣಬಣ್ಣದ ಮಿಕ್ಸ್ ಪ್ಯಾಕೆಟ್ ಕೂಡ ಬೇಡ. ನಾನೊಮ್ಮೆ ತರಿಸಿ ಮೂರು ತಿಂಗಳು ನೀರು ಹಾಕಿದ ಮೇಲೆ ಬಂದದ್ದು ಎಲ್ಲವೂ ಮಾರ್ಕೆಟ್ಟಿನ ಗಟ್ಟಿ ಟೊಮೆಟೊ. ಪ್ಯಾಕೆಟ್ ಮೇಲೆ ತಳಿಯ ಹೆಸರು ಇಲ್ಲದಿದ್ದರೆ ಕೊಳ್ಳಬೇಡಿ. ಬರೀ ಬಾಲ್ಕನಿ ಇರುವವರಿಗೆ ಟೈನಿ ಟಿಮ್ ಸಾಕು. ಒಂದೂವರೆ ಅಡಿ ಗಿಡ, ಸಣ್ಣ ಕುಂಡದಲ್ಲೂ ಬರುತ್ತದೆ.

ಉಳಿದ ಎರಡು ಬಕೆಟ್ ನಮ್ಮ ಅಜ್ಜಿ ಮನೆ ಟೊಮೆಟೊಗೆ. ಇದನ್ನು ಹೇಳಲಿಕ್ಕೇ ಇಷ್ಟು ಬರೆದೆ.

ತೀರ್ಥಹಳ್ಳಿ ಕಡೆಯ ಆ ಮನೆಯ ಬಚ್ಚಲ ಹಿಂದೆ, ನೀರು ಹರಿದು ಹೋಗುವ ಕಡೆ, ಕೆಸುವಿನ ಪಕ್ಕ ಈ ಗಿಡ ತಾನಾಗಿ ಏಳುತ್ತಿತ್ತು. ಯಾರೂ ಬಿತ್ತಿದ್ದಲ್ಲ. ಮಳೆ ಮುಗಿದ ಮೇಲೆ ಹುಟ್ಟಿ, ಚಳಿಯಲ್ಲಿ ಬೇಲಿ ಮೇಲೆಲ್ಲ ಹಬ್ಬಿ, ಗೋಲಿಗಿಂತ ಚಿಕ್ಕ ಕೆಂಪು ಹಣ್ಣು ಬಿಡುತ್ತಿತ್ತು. ಅಜ್ಜಿ ಅದಕ್ಕೆ ಹೆಸರೇ ಇಟ್ಟಿರಲಿಲ್ಲ, ಸಣ್ಣ ಟೊಮೆಟೊ ಅಷ್ಟೇ. ಒಂದು ಬಟ್ಟಲು ಕಿತ್ತು ತಂದು, ಒಗ್ಗರಣೆಗೆ ಇಡಿಯಾಗಿ ಹಾಕುತ್ತಿದ್ದರು. ಬಾಣಲೆಯಲ್ಲಿ ಒಂದೊಂದೇ ಪಟ್ ಪಟ್ ಒಡೆದು, ಕರಿಬೇವಿನ ಘಮದ ಜೊತೆ ಆ ಹುಳಿಯ ವಾಸನೆ ಏಳುತ್ತಿತ್ತು. ಆ ಸಾರಿಗೆ ಹುಣಸೆಹಣ್ಣು ಬೇಕೇ ಇರಲಿಲ್ಲ.

ಸನ್‌ಗೋಲ್ಡ್ ಹಾಕಿ ಸಾರು ಮಾಡಿ ನೋಡಿ. ಸಿಹಿ ಸಿಹಿಯಾಗಿ, ಬೆಲ್ಲ ಜಾಸ್ತಿಯಾದ ಹಾಗೆ ಆಗುತ್ತದೆ. ನಮ್ಮ ಅಡುಗೆಗೆ ಟೊಮೆಟೊ ಬೇಕಾಗುವುದೇ ಹುಳಿಗೆ ಅಲ್ವಾ? ಸಾರು, ಗೊಜ್ಜು, ಚಟ್ನಿ ಎಲ್ಲಕ್ಕೂ ಹುಳಿಯೇ ಜೀವ. ಅಮೆರಿಕದಲ್ಲಿ ಸಲಾಡ್ ತಿನ್ನುವವರು ತಮ್ಮ ನಾಲಿಗೆಗೆ ಬೇಕಾದದ್ದನ್ನು ಆರಿಸಿ ಪಟ್ಟಿ ಮಾಡಿದ್ದಾರೆ, ಅದು ಅವರಿಗೆ ಸರಿ. ಅದೇ ಪಟ್ಟಿ ಹಿಡಿದು ನಾವು ನಮ್ಮ ತಾರಸಿ ತುಂಬಿಸಬೇಕಾಗಿಲ್ಲ. ಆರಿಸುವ ಮೊದಲು ನಿಮ್ಮ ಅಡುಗೆಮನೆಯಲ್ಲಿ ವಾರಕ್ಕೆ ಎಷ್ಟು ದಿನ ಸಾರು, ಎಷ್ಟು ದಿನ ಸಲಾಡ್ ಅಂತ ಎಣಿಸಿ.

ರೋಗದ ಮಾತಿಗೆ ಬಂದರೂ ಅಜ್ಜಿ ಮನೆಯದೇ ಗಟ್ಟಿ. ಫೆಬ್ರವರಿ ಕಳೆದು ಬಿಸಿಲೇರಿದ ಹಾಗೆ ಬಿಳಿ ನೊಣ ಹೆಚ್ಚುತ್ತದೆ, ಅದರಿಂದ ಎಲೆ ಮುದುಡು ರೋಗ. ಬ್ಲ್ಯಾಕ್ ಚೆರ್ರಿ ನನ್ನಲ್ಲಿ ಎರಡು ವರ್ಷ ಹಾಗೇ ಹೋಯಿತು, ಪಕ್ಕದಲ್ಲೇ ಇದ್ದ ಅಜ್ಜಿ ಮನೆ ಗಿಡ ಏಪ್ರಿಲ್ ತನಕ ಹಣ್ಣು ಕೊಟ್ಟಿತು. ತಳಿ ಮಾಡುವ ವಿಜ್ಞಾನಿಗಳು ರೋಗ ತಡೆಯುವ ಗುಣಕ್ಕೆ ಪೆರು, ಈಕ್ವೆಡಾರ್ ಕಡೆಯ ಸಣ್ಣ ಹಣ್ಣಿನ ಕಾಡು ಟೊಮೆಟೊಗಳನ್ನೇ ಹುಡುಕಿಕೊಂಡು ಹೋಗುತ್ತಾರೆ.

ಬೀಜ ಎತ್ತಿಡುವುದು ಸುಲಭ. ಪೂರ್ತಿ ಮಾಗಿದ ಹಣ್ಣು ಹಿಸುಕಿ, ಬೀಜವನ್ನು ಲೋಳೆ ಸಮೇತ ಗ್ಲಾಸಿಗೆ ಹಾಕಿ ಸ್ವಲ್ಪ ನೀರು ಬೆರೆಸಿ ಎರಡು ಮೂರು ದಿನ ಬಿಡಿ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಹುಳಿ ವಾಸನೆ ಬರುತ್ತದೆ, ಹೆದರಬೇಡಿ. ಆ ಲೋಳೆಯೇ ಬೀಜ ಮೊಳೆಯದಂತೆ ತಡೆಯುವುದು, ಅದು ಕರಗಬೇಕು. ತೊಳೆದು ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ.

ಬೆಂಗಳೂರಿನವರು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಬಿತ್ತಿ. ಹಣ್ಣು ತಂಪು ಕಾಲಕ್ಕೆ ಸಿಗುತ್ತದೆ. ಹೂವು ಬಂದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಗೊಂಚಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಪರಾಗ ಉದುರಲಿ. ಕಪ್ಪು ದುಂಬಿ ಬರುವ ತಾರಸಿಯಾದರೆ ಅದೂ ಬೇಡ, ಅದು ಹೂವಿಗೆ ಜೋತುಬಿದ್ದು ಝುಂಯ್ ಅಂತ ಮೈ ನಡುಗಿಸಿ ತಾನೇ ಉದುರಿಸುತ್ತದೆ.

ಅಜ್ಜಿ ಮನೆ ಬೀಜ ನನ್ನ ಹತ್ತಿರ ಒಂದು ಡಬ್ಬಿ ಇದೆ. ಬೇಕಾದವರು ಕೇಳಿ, ಕಳಿಸುತ್ತೇನೆ. ನಾನು ಕಳೆದ ಭಾನುವಾರ ಮೂರೂ ತಳಿ ಬಿತ್ತಿದೆ. ಇವತ್ತು ಬೆಳಿಗ್ಗೆ ಅಜ್ಜಿ ಮನೆಯವು ನಾಲ್ಕು ಎದ್ದಿವೆ, ಒಂದರ ಎಲೆ ತುದಿಗೆ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿದೆ. ಉಳಿದವು ಇನ್ನೂ ಮಣ್ಣೊಳಗೇ ಇವೆ.